ಹನ್ನೊಂದು ವರ್ಷದ ಚಿಪ್ಪು

ಒಂದು ಕಾಲವಿತ್ತಂತೆ. ಆಗ ಕಾಡಿಗೂ ಕಡಲಿಗೂ ಮಾತಿರಲಿಲ್ಲ, ಬರೀ ಜಗಳ. ನಡುವೆ ಸಿಕ್ಕಿಕೊಂಡವರು ಮನುಷ್ಯರು. ಇವರು ನನ್ನ ಮಕ್ಕಳು, ನನ್ನ ಚಿಪ್ಪಿನ ಮಾಂಸ ತಿಂದು ಬೆಳೆದವರು ಅಂದಿತು ಕಡಲು. ಹೋಗೇ ಹೋಗು, ಇವರು ಮಲಗುವುದು ನನ್ನ ಮಡಿಲಲ್ಲಿ, ಚಳಿಗೆ ಸೌದೆ ಕೊಡುವವಳು ನಾನು ಅಂದಿತು ಕಾಡು. ಕಡಲು ಕಾಲು ಹಿಡಿದು ಎಳೆಯಿತು. ಕಾಡು ತೋಳು ಹಿಡಿದು ಎಳೆಯಿತು. ಮನುಷ್ಯರಿಗೆ ಸಾಕುಸಾಕಾಯಿತು. ಆಗ ಒಬ್ಬ ಮುದುಕಿ ದಡದಲ್ಲಿ ಕೂತು, ತಿಂದ ಚಿಪ್ಪನ್ನು ಅಲ್ಲೇ ಇಟ್ಟಳು. ಮಗಳು ಅದರ ಮೇಲೆ ತನ್ನದನ್ನು ಇಟ್ಟಳು. ಮೊಮ್ಮಗಳು ಅದರ ಮೇಲೆ. ಚಿಪ್ಪು ಬೆಳೆದು ಗುಡ್ಡವಾಯಿತು. ಇದು ಗಡಿ ಅಂದಳು ಮುದುಕಿ. ಅಲೆ ಇದನ್ನು ದಾಟಬಾರದು. ಬೇರು ಇದನ್ನು ದಾಟಬಾರದು. ದಾಟುವವರು ನಾವು ಮಾತ್ರ.

ಈ ಕಥೆಯನ್ನು ಎಟ್ಟಿ ಅಜ್ಜಿ ಹೋಟೆಲಿನ ಬಟ್ಟೆ ಹಿಂಡುತ್ತ ಹೇಳುತ್ತಿದ್ದಳು. ಹಿರಿಯರಿಂದ ಬಂದದ್ದೋ, ಅವಳೇ ಹೆಣೆದದ್ದೋ, ಮೊಮ್ಮಗಳು ವರ್ನಾಗೆ ಗೊತ್ತಾಗಲಿಲ್ಲ. ಕೇಳಿದರೆ ಅಜ್ಜಿ, "ನಿಂಗ್ಯಾಕೆ ಅದು? ಆ ತುದಿ ಹಿಡ್ಕೊ, ಹಿಂಡು" ಅನ್ನುತ್ತಿದ್ದಳು.

ಗುಡ್ಡ ಮಾತ್ರ ಕಥೆಯಲ್ಲ. ದ್ವೀಪದ ಪಡುವಣ ದಡದಲ್ಲಿ, ತಕಾಯ್ನ ಕಾಡು ಮುಗಿದು ಕಡಲು ಶುರುವಾಗುವಲ್ಲಿ, ಅದು ಈಗಲೂ ಇದೆ. ದ್ವೀಪಕ್ಕೆ ಬಿಳಿಯರು ಟ್ಯಾಸ್ಮೇನಿಯಾ ಎಂದು ಹೆಸರಿಟ್ಟು ಎರಡು ನೂರು ವರ್ಷವೂ ಆಗಿಲ್ಲ. ಗುಡ್ಡಕ್ಕೆ ಎಷ್ಟು ಸಾವಿರವೋ.

ಅದರ ಅರ್ಧ ಈಗ ಅಲ್ಲಿಲ್ಲ. ಹೋಟೆಲಿನ ಕಾರು ನಿಲ್ಲಿಸುವ ಅಂಗಳದಲ್ಲಿದೆ.

ವರ್ನಾಗೆ ಐವತ್ತೆಂಟು. ಕಾಡಂಚಿನ ಆ ಹೋಟೆಲಿನಲ್ಲಿ ಮೂವತ್ತು ವರ್ಷದಿಂದ ಹಾಸಿಗೆ ಬಟ್ಟೆ ಒಗೆಯುತ್ತಾಳೆ. ಬೆಳಿಗ್ಗೆ ಇಪ್ಪತ್ತೆರಡು ಹಾಸಿಗೆ ಬಿಚ್ಚಬೇಕು. ಒಗೆಯಬೇಕು. ಒಣಗಿಸಬೇಕು. ಮತ್ತೆ ಹಾಸಬೇಕು. ಸಂಜೆ ಊಟದ ಮನೆಯಲ್ಲಿ ತಟ್ಟೆ ಎತ್ತಬೇಕು. ಬಲಗೈ ಭುಜದ ಮೇಲೆ ಏಳುವುದಿಲ್ಲ. ಮಂಡಿ ಮಡಚಿದರೆ ಒಣಕಟ್ಟಿಗೆ ಮುರಿದ ಸದ್ದು. ಸಾಬೂನು ಬೆರಳ ಸಂದಿಯ ಚರ್ಮ ತಿಂದುಹಾಕಿದೆ.

ಕೆಲಸ ಮುಗಿಸಿ ಹೊರಡುವಾಗ ಅವಳು ಅಂಗಳದ ಮೂಲೆಗೆ ಹೋಗುತ್ತಿದ್ದಳು. ಅಲ್ಲೊಂದು ಭಾರಿ ಮಿರ್ಟಲ್ ಮರ. ಬುಡದ ತುಂಬ ಹಾವಸೆ. ಅಲ್ಲಿ ಕುಕ್ಕರುಗಾಲಲ್ಲಿ ಕೂತು, ಬೆರಳಿಂದ ಕೆದಕಿ, ಜಲ್ಲಿಯಿಂದ ಚಿಪ್ಪು ಬೇರೆ ಮಾಡಿ, ಖಾಲಿ ಊಟದ ಡಬ್ಬಿಗೆ ತುಂಬುತ್ತಿದ್ದಳು. ಒಂದೇ ಡಬ್ಬಿ. ಹೆಚ್ಚಾದರೆ ಕಣ್ಣಿಗೆ ಬೀಳುತ್ತದೆ. ಡಬ್ಬಿ ಹಿಡಿದು ಮುಕ್ಕಾಲು ಕಿಲೋಮೀಟರ್ ನಡೆದು ದಡದ ಗುಡ್ಡಕ್ಕೆ ಸುರಿದು, ಮನೆಗೆ. ಮಳೆ ಬಂದರೂ. ಜ್ವರ ಬಂದರೂ. ಹನ್ನೊಂದು ವರ್ಷ.

ಎಟ್ಟಿ ಅಜ್ಜಿ ಸಾಯುವ ಮುಂಚೆ ಮಾತು ತೆಗೆದುಕೊಂಡಿದ್ದಳು.

"ಅಂಗಳಕ್ಕೆ ಚಿಪ್ಪು ಹಾಸಿದ್ದು ಯಾರು ಗೊತ್ತೇನೇ?"

"ಹಳೇ ಮಾಲೀಕ."

"ಅವನು ಸಲಿಕೆ ಹಿಡಿದಿದ್ದನ್ನ ನೀನು ನೋಡಿದೀಯಾ? ನಾನು ಹಾಸಿದ್ದು. ಈ ಕೈ."

ಆಗ ಹೋಟೆಲು ಕಟ್ಟುತ್ತಿದ್ದರು. ಅತಿಥಿಗಳ ಕಾರು ಕೆಸರಲ್ಲಿ ಹೂಳಬಾರದು. ದಡದಲ್ಲಿ ಬಿಳೀ ಚಿಪ್ಪು ರಾಶಿ ಬಿದ್ದಿದೆ, ತಂದು ಸುರಿಯಿರಿ ಅಂದ ಮಾಲೀಕ. ಅಜ್ಜಿಯ ತಮ್ಮ ಮರ್ವ್ ಟ್ರ್ಯಾಕ್ಟರ್ ಓಡಿಸಿದ. ಅಜ್ಜಿ ಸಲಿಕೆ ಹಿಡಿದಳು. ಇದು ನಮ್ಮ ತಾಯಂದಿರ ಗುಡ್ಡ ಅನ್ನಲಿಲ್ಲ. ಅಂದರೆ ತಾನು ದ್ವೀಪದ ಮೂಲ ಜನದವಳು ಎಂದು ಹೇಳಿದ ಹಾಗೆ. ಹೇಳಿದ ತಾಯಂದಿರ ಮನೆ ಮುಂದೆ ಸರ್ಕಾರದ ಕಾರು ನಿಲ್ಲುತ್ತಿತ್ತು. ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತಿತ್ತು, ವಾಪಸ್ ತರುತ್ತಿರಲಿಲ್ಲ. ಅಜ್ಜಿಗೆ ನಾಲ್ಕು ಮಕ್ಕಳು.

"ಬಾಯಿ ಮುಚ್ಕೊಂಡು ಹಾಸಿದೆ ಕಣೇ. ಮಿರ್ಟಲ್ ಮರದಿಂದ ನೀರಿನ ತೊಟ್ಟಿವರೆಗೂ ನಂದು. ಮಿಕ್ಕಿದ್ದು ಮರ್ವ್ ಸುರಿದಿದ್ದು, ಅದು ಅವನ ಮಕ್ಕಳ ಪಾಡು. ನಾನು ಹಾಸಿದ್ದನ್ನ ನೀನು ವಾಪಸ್ ಇಡು. ಸಲಿಕೆ ಬೇಡ, ಗಾಡಿ ಬೇಡ. ಕೈ ಮಾಡಿದ್ದನ್ನ ಕೈಯೇ ಸರಿಮಾಡ್ಬೇಕು."

"ಆಯ್ತಜ್ಜಿ."

"ಎಲ್ಲಾ ಮುಗಿದ್ಮೇಲೆ ಅಲ್ಲೇ ಕೂತು ತಿನ್ನು. ತಿಂದಿದ್ದನ್ನ ಮೇಲಿಡು. ಮೇಲಿಂದು ಇಡ್ದೆ ಎದ್ದು ಬಂದೀಯ, ಜೋಕೆ."

ಮೇಲಿನದು ಅಂದರೇನೆಂದು ಅವರ ಜನಕ್ಕೆ ಹೇಳಿಕೊಡಬೇಕಿಲ್ಲ. ದಡಕ್ಕೆ ಬಂದವರು ಮೊದಲು ನೋಡುವುದು ಗುಡ್ಡದ ನೆತ್ತಿ. ಅಲ್ಲಿ ಕಿವಿಯಾಕಾರದ ದೊಡ್ಡ ಚಿಪ್ಪಿದ್ದರೆ, ನಮಗಿಂತ ಮುಂಚೆ ಬಂದವರು ಅದನ್ನು ತಿಂದಿದ್ದಾರೆ. ಅದು ಬೆಳೆಯಲಿ. ನಾವು ಸುರುಳಿ ಚಿಪ್ಪು ಹುಡುಕೋಣ. ಸುರುಳಿಯಿದ್ದರೆ ಅದನ್ನು ಬಿಟ್ಟು ಇನ್ನೊಂದು. ತಿಂದವರು ಮುಖ ನೋಡದವರಿಗೆ ಹೇಳಿ ಹೋಗುವ ಮಾತು ಅದು. ಅದರಿಂದಲೇ ಕಡಲು ಬರಿದಾಗಲಿಲ್ಲ.

ಹೋಟೆಲಿನ ಬಾಗಿಲಲ್ಲಿ ಬೇರೆ ಮಾತು ಬರೆದಿದೆ. ಮನುಷ್ಯನ ಹೆಜ್ಜೆ ಬೀಳದ ಕಾಡು.

ಈಗಿನ ಯಜಮಾನ ಗ್ರೇಡನ್ ಕೆಟ್ಟವನಲ್ಲ. ನಗುತ್ತಾನೆ. ಹಬ್ಬಕ್ಕೆ ಕೇಕ್ ಕೊಡುತ್ತಾನೆ. ದಿನಾ ಸಂಜೆ ಊಟದ ಹೊತ್ತಿಗೆ ಗೋಡೆಯ ಮೇಲೆ ಕಾಡಿನ ಚಿತ್ರ ಬಿಟ್ಟು ಅತಿಥಿಗಳಿಗೆ ಹೇಳುತ್ತಾನೆ. ನೋಡಿ, ಈ ಮರಗಳು ಭೂಖಂಡ ಒಡೆಯುವ ಮೊದಲಿನ ಕುಲದವು. ಈ ಜರಿಗಿಡ ನೋಡಿ. ಹಿಂದೆ ಇಲ್ಲೊಂದು ಜನಾಂಗ ಇತ್ತು. ಕೊನೆಯವರು ತೀರಿಹೋಗಿ ನೂರೈವತ್ತು ವರ್ಷವಾಯಿತು.

ಅತಿಥಿಗಳು ಅಯ್ಯೋ ಅನ್ನುತ್ತಾರೆ. ಆಮೇಲೆ ಸಿಹಿ ಬರುತ್ತದೆ.

ಕಾಡಿನೊಳಗಿನ ಕಾಲುದಾರಿ ಅಜ್ಜಿಯ ಅಜ್ಜಿಯರು ಬೆಂಕಿಯಿಟ್ಟು, ತುಳಿದು, ತೆರೆದಿಟ್ಟದ್ದು. ಅದರಲ್ಲೇ ಈ ಅತಿಥಿಗಳು ದುಬಾರಿ ಬೂಟು ಹಾಕಿಕೊಂಡು ನಡೆಯುತ್ತಾರೆ. ನಡೆದು ಬಂದು, ಹೆಜ್ಜೆ ಬೀಳದ ಕಾಡು ಎಷ್ಟು ಚಂದ ಅನ್ನುತ್ತಾರೆ.

ಒಮ್ಮೆ ಒಬ್ಬ ಹೆಂಗಸು ಕಣ್ಣೊರೆಸಿಕೊಂಡು ವರ್ನಾ ಕಡೆ ತಿರುಗಿದಳು. "ಒಬ್ರೂ ಉಳೀಲಿಲ್ವಂತೆ. ಪಾಪ ಅಲ್ವಾ?"

"ಹೌದಮ್ಮ, ಪಾಪ" ಅಂದಳು ವರ್ನಾ. "ತಟ್ಟೆ ಎತ್ಲಾ?"

ಏಪ್ರಿಲ್ ತಿಂಗಳ ಒಂದು ಗುರುವಾರ ಅತಿಥಿಯೊಬ್ಬನ ಕಾರಿನ ಚಕ್ರ ಮಿರ್ಟಲ್ ಮರದ ಹತ್ತಿರ ನೆಲದೊಳಗೆ ಇಳಿಯಿತು. ಮಳೆ ಹಿಡಿದಿತ್ತು. ಹಗ್ಗ ಕಟ್ಟಿ ಎಳೆಯಬೇಕಾಯಿತು. ಒಗೆಯುವ ಕೋಣೆಯ ಕಿಟಕಿಯಿಂದ ವರ್ನಾ ನೋಡಿದಳು. ಚಿಪ್ಪು ತೆಗೆದ ಕಡೆಯೆಲ್ಲ ಅವಳು ಹೊಳೆಯ ಜಲ್ಲಿ ತುಂಬುತ್ತ ಬಂದಿದ್ದಳು. ಜಲ್ಲಿ ಚಿಪ್ಪಿನಂತಲ್ಲ. ಚಿಪ್ಪು ಒಂದನ್ನೊಂದು ಹಿಡಿದುಕೊಳ್ಳುತ್ತದೆ, ಜಲ್ಲಿ ಜಾರುತ್ತದೆ. ಆ ಗುಂಡಿ ಅವಳು ಡಬ್ಬಿ ಡಬ್ಬಿಯಾಗಿ ತೋಡಿದ್ದು.

ಶನಿವಾರ ಬೆಳಿಗ್ಗೆ ಹೋಟೆಲಿನ ಅಡುಗೆಮನೆಗೆ ರಾಯ್ಸ್ ಬಂದ. ಮರ್ವ್‌ನ ಮಗ. ವರ್ನಾಗಿಂತ ಮೂರು ವರ್ಷ ಚಿಕ್ಕವನು. ರಸ್ತೆ ಕೆಲಸ, ಕಾಂಕ್ರೀಟ್ ಕೆಲಸ ಮಾಡುತ್ತಾನೆ. ಕೈಯಲ್ಲೊಂದು ಬಕೆಟ್.

"ಅಕ್ಕ, ಆಚೆ ಚಿಕ್ಕ ದ್ವೀಪದಿಂದ ಕಡಲಹಕ್ಕಿ ಮಾಂಸ ಬಂದಿದೆ. ಉಪ್ಪು ಹಾಕಿದ್ದು. ಕೊಬ್ಬು ನೋಡು, ನನ್ನ ಹೊಟ್ಟೆ ಇದ್ದಂಗಿದೆ."

"ನಿನ್ನ ಹೊಟ್ಟೆಗೆ ಹೋಲಿಸ್ಬೇಡ. ಹಕ್ಕಿಗೆ ಅವಮಾನ."

"ಸೋಮವಾರ ಇಲ್ಲೇ ಕೆಲಸ ನಂಗೆ. ಅಂಗಳಕ್ಕೆಲ್ಲ ಕಾಂಕ್ರೀಟ್. ಯಾವುದೋ ಪ್ರಾಣಿ ಕೆರೆದು ಗುಂಡಿ ಮಾಡಿದೆಯಂತೆ. ವಾಂಬ್ಯಾಟ್ ಇರ್ಬೇಕು ಅಂತಾನೆ ಗ್ರೇಡನ್."

ವರ್ನಾ ಒದ್ದೆ ಬಟ್ಟೆ ಕೆಳಗಿಟ್ಟಳು. "ಆ ಪ್ರಾಣಿ ನಾನೇ ಕಣೋ."

ರಾಯ್ಸ್ ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. ಅವಳು ಎಲ್ಲ ಹೇಳಿದಳು. ಇನ್ನು ಉಳಿದಿರುವುದು ಐದು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲ. ಡಬ್ಬಿಯಲ್ಲಾದರೆ ಇನ್ನೂ ಮೂರು ತಿಂಗಳು.

"ಎರಡು ವಾರ ತಡ ಮಾಡೋ."

"ನಾನಲ್ದಿದ್ರೆ ಇನ್ನೊಬ್ಬ ಬರ್ತಾನೆ. ಗಾಡಿ ಬುಕ್ ಆಗಿದೆ. ಅವನನ್ನೇ ಕೇಳು. ಒಳ್ಳೆಯವನಲ್ವಾ ನಿನ್ನ ಗ್ರೇಡನ್?"

"ಕೇಕ್ ಕೊಡೋ ಅಷ್ಟು ಒಳ್ಳೆಯವನು."

ಕೇಳಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ, ನಾನು ಆ ಜನ ಅಂತ ಹೇಳಿ ಕೇಳಿದಳು. ಗ್ರೇಡನ್ ಕುರ್ಚಿ ಎಳೆದು ಕೂರಿಸಿದ. ಹಾಲು ಹಾಕಿದ ಚಹಾ ತರಿಸಿದ. "ವರ್ನಾ, ನೀವು ಯಾಕೆ ಇಷ್ಟು ವರ್ಷ ಹೇಳ್ಲಿಲ್ಲ? ನಂಗೆ ಎಷ್ಟು ಹೆಮ್ಮೆ ಗೊತ್ತಾ?" ಅಂದ. ನಿಯಮ ಪ್ರಕಾರವೇ ಹೋಗೋಣ ಎಂದು, ಶನಿವಾರವಾದರೂ ಬಿಡದೆ, ಹಳೇ ಸ್ಥಳಗಳನ್ನು ಕಾಯುವ ಇಲಾಖೆಯ ಪರಿಚಯದವರಿಗೆ ಫೋನ್ ಮಾಡಿದ. ಮಧ್ಯಾಹ್ನ ಒಬ್ಬ ಅಧಿಕಾರಿ ಹೆಣ್ಣುಮಗಳು ಬಂದಳು. ಅಂಗಳ ಸುತ್ತಿದಳು. ಒಂದು ಚಿಪ್ಪು ಎತ್ತಿ ನೋಡಿ ಬಿಸಾಡಿದಳು.

"ಜಾಗ ಬಿಟ್ಟು ಬಂದ ಚಿಪ್ಪಿಗೆ ರಕ್ಷಣೆ ಇಲ್ಲ. ಇದು ಬರೀ ಜಲ್ಲಿ. ಕಾಂಕ್ರೀಟ್ ಹಾಕಬಹುದು."

"ಜಲ್ಲಿ ಆದ್ರೆ ನಾನು ತಗೊಂಡ್ಹೋಗ್ತೀನಿ" ಅಂದಳು ವರ್ನಾ. "ದಡದ ಗುಡ್ಡಕ್ಕೆ ಹಾಕ್ತೀನಿ."

"ಅದಾಗಲ್ಲ. ಆ ಗುಡ್ಡ ರಕ್ಷಿತ ಸ್ಥಳ. ಅದರ ಮೇಲೆ ಹೊರಗಿನ ವಸ್ತು ಹಾಕೋದು ಅಪರಾಧ."

"ಹೊರಗಿನ ವಸ್ತು?"

"ಹೌದು."

"ಇದು ಬಂದಿದ್ದೇ ಅಲ್ಲಿಂದ."

"ದಾಖಲೆ ಇದೆಯಾ?"

"ಇದ್ಲು. ನಮ್ಮಜ್ಜಿ."

"ಅವರನ್ನ ಮಾತಾಡಿಸಬಹುದಾ?"

"ಹನ್ನೊಂದು ವರ್ಷ ತಡವಾಗಿ ಬಂದ್ರಿ."

ಅಧಿಕಾರಿ ಏನೋ ಬರೆದುಕೊಂಡಳು. ಗ್ರೇಡನ್ ಇಬ್ಬರನ್ನೂ ಒಳಗೆ ಮೇಜಿನ ಬಳಿಗೆ ಕರೆದ. ಅವನ ಕೈಯಲ್ಲಿ ಒಂದು ಹಾಳೆಯಿತ್ತು. "ನನ್ನದೊಂದು ಯೋಚನೆ. ಅಂಗಳದಲ್ಲೊಂದು ಫಲಕ ಹಾಕೋಣ. ಹಿಂದೆ ಇಲ್ಲಿ ಬಾಳಿದ್ದವರ ನೆನಪಿಗೆ. ನೀವು ಪಕ್ಕ ನಿಲ್ಲಿ, ಒಂದು ಫೋಟೋ ತೆಗೆಯೋಣ. ಆಮೇಲೆ ಇಲ್ಲೊಂದು ಸಹಿ. ಈ ಕೆಲಸಕ್ಕೆ ನಿಮ್ಮ ಕಡೆಯಿಂದ ತಕರಾರಿಲ್ಲ ಅಂತ."

"ನಮ್ಮ ಕಡೆ ಅಂದ್ರೆ ಯಾರು?"

"ನಿಮ್ಮ ಸಮುದಾಯ."

"ನಾವು ಸತ್ತೋದ್ವಲ್ಲ" ಅಂದಳು ವರ್ನಾ. "ದಿನಾ ಸಂಜೆ ನೀವೇ ಹೇಳ್ತೀರಿ. ನಾನು ತಟ್ಟೆ ಎತ್ತುತ್ತಾ ಕೇಳ್ತೀನಿ. ಸತ್ತೋರ ಸಹಿ ಯಾಕೆ ನಿಮಗೆ?"

ಗ್ರೇಡನ್ ಮುಖ ಕೆಂಪಾಯಿತು. "ಅದು ಅತಿಥಿಗಳಿಗೆ ಹೇಳೋ ಒಂದು ಕಥೆ ಅಷ್ಟೆ, ವರ್ನಾ."

"ಕಥೆ ಹೇಗೆ ಹೇಳ್ಬೇಕು ಅಂತ ನಂಗೆ ಗೊತ್ತು. ಅದು ಕಥೆಯಲ್ಲ."

ಪೆನ್ನು ಮೇಜಿನ ಮೇಲೆ ಉಳಿಯಿತು. ಅವಳು ಏಪ್ರನ್ನಿನ ಗಂಟು ಬಿಚ್ಚಲು ಹೋದಳು. ಬಲಗೈ ಬೆನ್ನಿಗೆ ಹೋಗಲಿಲ್ಲ. ಎಡಗೈಯಿಂದ ಎಳೆದಳು. ಗಂಟು ಬಿಗಿಯಾಯಿತು. ಕೊನೆಗೆ ದಾರ ಕಿತ್ತುಹೋಯಿತು. ಮಡಚದೆ ಕುರ್ಚಿಯ ಮೇಲೆ ಹಾಕಿದಳು. "ನಾಳೆ ಹಾಸಿಗೆ ನೀವೇ ಹಾಸ್ಕೊಳ್ಳಿ" ಅಂದು ಹೊರಟಳು. ಸಿಟ್ಟಿನಿಂದ ಅಲ್ಲ. ಸಿಟ್ಟಿಗೂ ಬಲ ಬೇಕು. ಅವಳಿಗೆ ಸುಸ್ತಾಗಿತ್ತು.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಅವಳು ಅಂಗಳದಲ್ಲಿದ್ದಳು. ಡಬ್ಬಿ ಇಲ್ಲ. ಎರಡು ಬಕೆಟ್. ಮಂಡಿಯ ಕೆಳಗೆ ಹಳೇ ದಿಂಬು. ಬೆರಳು ಹಾಕಿ ಕೆದಕಿದಳು. ಅರವತ್ತು ವರ್ಷ ಕಾರು ತುಳಿದ ನೆಲ. ಹಲ್ಲು ಕಚ್ಚಿದ ಹಾಗೆ ಚಿಪ್ಪು ಹಿಡಿದುಕೊಂಡಿತ್ತು. ಉಗುರು ಒಂದು ಎದ್ದಿತು. ಬಟ್ಟೆಯ ಚೂರು ಸುತ್ತಿಕೊಂಡಳು. ಮತ್ತೆ ಕೆದಕಿದಳು. ಎರಡು ಬಕೆಟ್ ತುಂಬಿದರೆ ಎದ್ದು, ನಡೆದು, ಸುರಿದು, ಬರುವುದು. ಮೊದಲ ನಾಲ್ಕು ಸುತ್ತು ಎಣಿಸಿದಳು. ಆಮೇಲೆ ಎಣಿಕೆ ಬಿಟ್ಟಳು.

ಅತಿಥಿಗಳು ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ನಿಂತು ನೋಡಿದರು. ಅಂದು ಪಾಪ ಅಂದಿದ್ದಂಥ ಹೆಂಗಸರು. ಯಾರೂ ಈಗ ಪಾಪ ಅನ್ನಲಿಲ್ಲ. ಒಬ್ಬ ತನ್ನ ಕಾರು ದೂರ ತೆಗೆದು ನಿಲ್ಲಿಸಿದ.

ಗ್ರೇಡನ್ ಬಂದು ಫೋನ್ ಎತ್ತಿ ಹಿಡಿದ. "ವರ್ನಾ, ಇಲಾಖೆಯವರು ಬೇಡ ಅಂದಿದ್ದಾರೆ. ದಂಡ ಬೀಳುತ್ತೆ. ನಾನು ಫೋಟೋ ತೆಗೆದು ಕಳಿಸ್ಲೇಬೇಕು."

ಅವಳು ತಲೆಗೆ ಕಟ್ಟಿದ್ದ ಬಟ್ಟೆ ಹಿಂದೆ ಸರಿಸಿದಳು. "ತೆಗೀರಿ. ಮುಖ ಸರಿಯಾಗ್ ಬರ್ಲಿ. ಯಾವ ಜನ ಅಂತ ಕೆಳಗೆ ಬರೀರಿ. ಇವತ್ತಿನ ತಾರೀಖೂ ಹಾಕಿ."

ಅವನು ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ತೆಗೆದ. ಅವಳು ಅಷ್ಟರಲ್ಲಿ ನೆಲಕ್ಕೆ ಬಾಗಿಯಾಗಿತ್ತು.

ಹತ್ತು ಗಂಟೆಗೆ ರಾಯ್ಸ್ ಬಂದ. ಮಣ್ಣು ತೋಡುವ ಯಂತ್ರದಲ್ಲೇ ಬಂದ. ಸದ್ದು ನಿಲ್ಲಿಸಿ ಕೆಳಗಿಳಿದ.

"ಏಳು ಅಕ್ಕ. ಇದರ ಬಾಯಿಗೆ ಎರಡೇ ತುತ್ತು. ಇಪ್ಪತ್ತು ನಿಮಿಷ. ದಡದವರೆಗೂ ನಾನೇ ಬಿಡ್ತೀನಿ."

"ಬೇಡ."

"ಸೊಂಟ ಮುರ್ಕೊಂಡು ಸಾಯ್ತೀಯ."

"ಗಾಡಿಲೇ ಅಲ್ವೇನೋ ಅದು ಇಲ್ಲಿಗ್ ಬಂದಿದ್ದು? ಓಡಿಸಿದ್ದು ಯಾರು?"

ರಾಯ್ಸ್ ಯಂತ್ರದ ಚಕ್ರಕ್ಕೆ ಒರಗಿ ನಿಂತ. "ಅಪ್ಪ ಅದರ ಬಗ್ಗೆ ಒಂದು ಮಾತೂ ಆಡ್ಲಿಲ್ಲ" ಅಂದ. "ದಡಕ್ಕೆ ಕರ್ಕೊಂಡು ಹೋಗು ಅಂದ್ರೆ ಹೊಡೀತಿದ್ದ. ಅವನಿಗೆ ಕಡಲು ಕಂಡ್ರೆ ಭಯ ಅಂದ್ಕೊಂಡಿದ್ದೆ ನಾನು."

"ಭಯಾನೇ. ಕಡಲಿನದಲ್ಲ."

ಅವನು ಕೈಗವಸು ಬಿಚ್ಚಿ ಸೀಟಿನ ಮೇಲೆಸೆದ. ಅವಳ ಎದುರು ಮಂಡಿಯೂರಿದ. ಹೊಟ್ಟೆ ಅಡ್ಡ ಬಂತು.

"ಏಯ್, ಆ ಕಡೆ ನಿಂದು" ಅಂದಳು ವರ್ನಾ. "ಈ ಗೆರೆಯೊಳಗೆ ಅಜ್ಜಿದು. ಮುಟ್ಬೇಡ."

"ಪಾಲು ಬೇರೆ ಮಾಡ್ತೀಯಲ್ಲೇ!"

"ಜಲ್ಲಿ ಹಾಕ್ಬೇಡ ಬಕೆಟ್ಟಿಗೆ. ಬೆರಳಲ್ಲಿ ನೋಡು. ಚಿಪ್ಪು ಬೆಚ್ಚಗಿರುತ್ತೆ, ಕಲ್ಲು ತಣ್ಣಗಿರುತ್ತೆ."

"ನಂಗೆ ಎರಡೂ ತಣ್ಣಗೇ ಇದೆ."

"ಬರುತ್ತೆ. ಕೈ ಆಡ್ಲಿ."

ಅವರಿಬ್ಬರೂ ಕೆದಕಿದರು. ಕಾಡಿನಿಂದ ಮಂಜು ಇಳಿದು ಬಂತು, ಮತ್ತೆ ಮೇಲೇರಿತು. ಮಿರ್ಟಲ್ ಎಲೆಗಳಿಂದ ನೀರು ತೊಟ್ಟಿಕ್ಕಿತು. ಅವಳ ಚಿಪ್ಪುಗಳಲ್ಲಿ ಕೆಲವು ಸುಟ್ಟು ಕಪ್ಪಾಗಿದ್ದವು, ಎಂದೋ ಯಾರದೋ ಒಲೆಯ ಕಪ್ಪು. ಕೆಲವಕ್ಕೆ ಹಲ್ಲಿನಂಥ ಗುರುತು. ಬೆರಳಿಗೆ ಹಾಗೆ ಸಿಕ್ಕಾಗೆಲ್ಲ ಅವಳಿಗೆ ಎದ್ದು ನಿಲ್ಲುವ ಶಕ್ತಿ ಬರುತ್ತಿತ್ತು ಎಂದೇನೂ ಅಲ್ಲ. ಸೊಂಟ ನೋಯುತ್ತಲೇ ಇತ್ತು.

ಹನ್ನೆರಡರ ಸುಮಾರಿಗೆ ತೊಟ್ಟಿಯ ಕಲ್ಲು ಬೆರಳಿಗೆ ತಾಗಿತು. ಅದರಾಚೆ ಅಜ್ಜಿಯದು ಇಲ್ಲ. ವರ್ನಾ ಕೊನೆಯ ಚೂರುಗಳನ್ನು ಬಳಿದು ಬಕೆಟ್ಟಿಗೆ ಹಾಕಿದಳು. ಏಳಲು ಹೋದರೆ ಕಾಲು ಏಳಲಿಲ್ಲ. ರಾಯ್ಸ್ ಕಂಕುಳಿಗೆ ಕೈ ಕೊಟ್ಟು ಎತ್ತಿದ. ಬಕೆಟ್ ತೆಗೆದುಕೊಳ್ಳಲು ಹೋದ. ಅವಳು ಕೊಡಲಿಲ್ಲ. ಅವನು ತನ್ನ ಅಪ್ಪನ ಪಾಲಿನ ಒಂದು ಬಕೆಟ್ ಹೊತ್ತು ಹಿಂದೆ ನಡೆದ.

"ನಂದು ಇನ್ನೂ ಎಷ್ಟಿದೆ ಗೊತ್ತಾ?" ಅಂದ ದಾರಿಯಲ್ಲಿ. "ಇಡೀ ಅಂಗಳ."

"ನಾಳೆ ಕಾಂಕ್ರೀಟ್ ಹಾಕ್ತೀಯಲ್ಲ."

"ಗಾಡಿ ಕೆಟ್ಟೋಗುತ್ತೆ ನಾಳೆ."

"ಆಮೇಲೆ?"

"ಇನ್ನೊಬ್ಬನ್ನ ಕರೀತಾರೆ. ಅಷ್ಟರಲ್ಲಿ ಎಷ್ಟಾಗುತ್ತೋ ಅಷ್ಟು." ಸ್ವಲ್ಪ ದೂರ ನಡೆದು, "ನನ್ನ ಗಾಡಿ ಯಾವತ್ತೂ ಕೆಟ್ಟಿಲ್ಲ, ಅಕ್ಕ. ಅದಕ್ಕೆ ನಾಚ್ಕೆ ಆಗುತ್ತೆ" ಅಂದ.

ಗುಡ್ಡದ ಬುಡದಲ್ಲಿ ಇಲಾಖೆಯ ಹಳದಿ ಪಟ್ಟಿ ಎಳೆದಿದ್ದರು. ಶನಿವಾರ ಸಂಜೆ ಕಟ್ಟಿರಬೇಕು. ಬೆಳಗಿನಿಂದ ವರ್ನಾ ಅದರ ಕೆಳಗೆ ನುಸುಳಿಯೇ ಓಡಾಡಿದ್ದಳು. ಈ ಸಲ ಬಾಗಲು ಸೊಂಟ ಒಪ್ಪಲಿಲ್ಲ. ಎಡಗೈಯಿಂದ ಪಟ್ಟಿ ಹಿಡಿದು ಎಳೆದಳು. ಹರಿಯಿತು. ಗಾಳಿ ಅದನ್ನು ಹೊತ್ತೊಯ್ದಿತು. ಅವಳು ಬಕೆಟ್ ಬಗ್ಗಿಸಿದಳು. ಚಿಪ್ಪು ಚಿಪ್ಪಿನ ಮೇಲೆ ಬಿದ್ದ ಸದ್ದು. ರಾಯ್ಸ್ ತನ್ನದನ್ನು ಬೇರೊಂದು ಕಡೆ, ಕಾಲ ಬಳಿ, ಮೆಲ್ಲಗೆ ಸುರಿದ.

ಇಳಿತದ ಹೊತ್ತು. ಬಂಡೆಗಳು ಬೆನ್ನು ತೋರಿಸುತ್ತಿದ್ದವು. ಗುಡ್ಡದ ಹಳೇ ನೆತ್ತಿಯಲ್ಲಿದ್ದದ್ದು ಸುರುಳಿ ಚಿಪ್ಪು. ಹಾಗಾದರೆ ಕಿವಿ ಚಿಪ್ಪು ತರಬೇಕು. ಅದು ಕಡಲಕಳೆಯ ಕಾಡಿನೊಳಗೆ, ಸೊಂಟಮಟ್ಟ ನೀರಲ್ಲಿ, ಬಂಡೆಯ ಹೊಟ್ಟೆಗೆ ಅಂಟಿಕೊಂಡಿರುತ್ತದೆ.

"ನಾನಿಳೀತೀನಿ" ಅಂದ ರಾಯ್ಸ್.

"ಹೆಂಗಸರ ಕೆಲಸ ಅದು. ನಿಮ್ಮಪ್ಪನ ಕಾಲದಿಂದಲೂ ಗಂಡಸರು ದಡದಲ್ಲಿ ಕೂತು ತಿನ್ನೋಕೆ ಮಾತ್ರ. ಹೋಗು, ಬೆಂಕಿ ಮಾಡು."

ಅವಳು ಚೂಪು ಮಾಡಿದ ಕಟ್ಟಿಗೆ ಹಿಡಿದು ನೀರಿಗಿಳಿದಳು. ಚಳಿ ಮೊದಲು ಕಚ್ಚಿತು, ಆಮೇಲೆ ಏನೂ ತಿಳಿಯಲಿಲ್ಲ. ಅಲೆ ಬಂದು ಎದೆಗೆ ಗುದ್ದಿತು. ಕಳೆ ಕಾಲಿಗೆ ಸುತ್ತಿಕೊಂಡಿತು. ಬಲಗೈ ಮೇಲೇಳದಿದ್ದರೂ ಕೆಳಗೆ ಹೋಗುತ್ತಿತ್ತು. ಬಂಡೆಯಡಿ ತಡವಿದಳು. ಸಿಕ್ಕಿತು. ಮೀಟಿದಳು, ಬಿಡಲಿಲ್ಲ. ಮತ್ತೆ ಮೀಟಿದಳು. ಒಮ್ಮೆ ತಲೆ ಮುಳುಗಿತು. ಇಲ್ಲೇ ಮಲಗಿಬಿಡಬಹುದು ಅನ್ನಿಸಿತು. ಹಾಸಿಗೆ ಯಾರೂ ಬಿಚ್ಚುವುದಿಲ್ಲ. ಆಮೇಲೆ ಚಿಪ್ಪು ಕೈಗೆ ಬಂತು.

ಒಂದೇ ಒಂದು. ಎರಡನೆಯದಕ್ಕೆ ಬಲವಿರಲಿಲ್ಲ.

ಕೆಂಡದ ಮೇಲೆ ಅದು ಚುರುಗುಟ್ಟಿತು. ಅವಳು ಅರ್ಧ ಕಚ್ಚಿ ಅರ್ಧ ರಾಯ್ಸ್‌ಗೆ ಕೊಟ್ಟಳು. ರಬ್ಬರಿನ ಹಾಗಿತ್ತು. ಬಹಳ ಹೊತ್ತು ಅಗಿದರು.

"ಉಪ್ಪಿಲ್ಲ" ಅಂದ ರಾಯ್ಸ್.

"ಇಡೀ ಕಡಲಿದೆ, ನೆಕ್ಕು."

"ಮೇಲಿಡ್ತೀಯಲ್ಲ, ನೋಡೋಕೆ ಯಾರು ಬರ್ತಾರೆ ಅಕ್ಕ? ಓದೋಕೆ ಬರೋರು ಯಾರಿದಾರೆ?"

"ಗೊತ್ತಿಲ್ಲ ಕಣೋ."

ಅವಳು ಗುಡ್ಡ ಹತ್ತಿದಳು. ಕೈಯೂರಿ, ಮಂಡಿಯೂರಿ, ಅಂಬೆಗಾಲಲ್ಲಿ. ಕಾಲಡಿ ಚಿಪ್ಪು ಜಾರಲಿಲ್ಲ. ನೆತ್ತಿಯಲ್ಲಿ ಕೂತಳು. ಒಂದು ಕಡೆ ಕಡಲು, ಒಂದು ಕಡೆ ಕಾಡು, ಎರಡೂ ತಮ್ಮ ಪಾಡಿಗೆ ಸದ್ದು ಮಾಡುತ್ತಿದ್ದವು. ಚಿಪ್ಪನ್ನು ಇಡಲು ಹೋದರೆ ಕೈ ಬಿಚ್ಚಲಿಲ್ಲ. ಚಳಿಗೆ ಬೆರಳು ಸೆಟೆದು ಅದರ ಸುತ್ತ ಕಚ್ಚಿಕೊಂಡಿದ್ದವು. ಕೆಳಗಿಂದ ರಾಯ್ಸ್, "ಬರ್ಲಾ?" ಅಂದ. ಅವಳು ಬೇಡವೆಂದು ತಲೆಯಾಡಿಸಿದಳು. ಎಡಗೈಯಿಂದ ಬಲಗೈಯ ಬೆರಳನ್ನು ಒಂದೊಂದಾಗಿ ಬಿಡಿಸಿದಳು. ಕಿರುಬೆರಳು. ಉಂಗುರದ ಬೆರಳು. ನಡುಬೆರಳು. ಉಗುರು ಹೋದ ತೋರುಬೆರಳು. ಹೆಬ್ಬೆರಳು ಕೊನೆಗೆ.

ಚಿಪ್ಪು ಮೇಲೆ ಕೂತಿತು.